ತಾವರೆ ಬೀಜವೋ ಕಡಲ ಚಿಪ್ಪೋ, ದೀರ್ಘಾಯುಷಿ ಯಾರು?

ಕೆಸರಿನ ತಾವರೆಯ ಬೀಜ ಸಾವಿರ ವರ್ಷ ದಾಟುತ್ತದೆ, ಕಡಲ ಕಪ್ಪೆಚಿಪ್ಪು ಐನೂರರ ಆಸುಪಾಸಿಗೇ ನಿಲ್ಲುತ್ತದೆ, ಅಂದ ಮೇಲೆ ತಾವರೆಯೇ ಗೆದ್ದಂತಲ್ಲವೇ ಎಂದು ಕೇಳಿದ್ದೀರಿ. ಲೆಕ್ಕದಲ್ಲಿ ಗೆದ್ದಿದೆ, ನಿಜ. ಆದರೆ ಮಲಗಿದ್ದವನ ವರ್ಷವನ್ನೂ ದುಡಿದವನ ವರ್ಷವನ್ನೂ ಒಂದೇ ಕೊಳಗದಲ್ಲಿ ಅಳೆಯಲು ನನಗೆ ಮನಸ್ಸಿಲ್ಲ. ನನ್ನ ಮತ ಚಿಪ್ಪಿಗೆ.

2006ರಲ್ಲಿ ಐಸ್‌ಲ್ಯಾಂಡ್ ಬಳಿಯ ಕಡಲ ತಳದಿಂದ ಎತ್ತಿದ, ಕ್ವಾಹಾಗ್ ಎಂಬ ಜಾತಿಯ ಚಿಪ್ಪು ಅದು. ಮರದ ಕಾಂಡದಲ್ಲಿರುವಂತೆ ಇದರಲ್ಲೂ ವರ್ಷಕ್ಕೊಂದು ಗೆರೆ ಮೂಡುತ್ತದೆ. ಮೊದಲು ಎರಡು ಚಿಪ್ಪು ಕೂಡುವ ಕೀಲಿನ ಬಳಿ ಎಣಿಸಿ ಸುಮಾರು 405 ಎಂದರು. ಅಲ್ಲಿ ಗೆರೆಗಳು ಒತ್ತೊತ್ತಾಗಿರುವುದರಿಂದ ಎಷ್ಟೋ ಕಣ್ತಪ್ಪಿದ್ದವು. ಚಿಪ್ಪಿನ ಹೊರಭಾಗದಲ್ಲಿ ಮತ್ತೆ ಎಣಿಸಿ, ಇಂಗಾಲದ ಕಾಲನಿರ್ಣಯದೊಂದಿಗೆ ತಾಳೆ ನೋಡಿ, 2013ರಲ್ಲಿ 507 ಎಂದು ತಿದ್ದಿದರು. ಅಂದರೆ ಹುಟ್ಟಿದ್ದು 1499ರಲ್ಲಿ. ಚೀನಾದಲ್ಲಿ ಆಗ ಮಿಂಗ್ ಅರಸರ ಕಾಲ. ಹಾಗಾಗಿ 'ಮಿಂಗ್' ಎಂದೇ ಹೆಸರಾಯಿತು. (ವಯಸ್ಸು ತಿಳಿಯುವ ಹೊತ್ತಿಗೆ ಬಡಪಾಯಿ ಸತ್ತಿತ್ತು.) ಅಷ್ಟು ಕಾಲವೂ ಅದು ಕಿವಿರಿನಿಂದ ನೀರು ಸೋಸಿ ತನ್ನ ಹೊಟ್ಟೆ ತಾನೇ ಹೊರೆದಿದೆ. ಈ ಜಾತಿಗೂ ಆಗೀಗ ಮರಳಿನೊಳಗೆ ಇಳಿದು, ಬಾಯಿ ಮುಚ್ಚಿ, ಕೆಲವು ದಿನ ಹೆಚ್ಚುಕಡಿಮೆ ಉಸಿರಿಲ್ಲದೆ ಬಿದ್ದಿರುವ ಅಭ್ಯಾಸವುಂಟು. ಬರೀ ಕೆಲವು ದಿನ, ಶತಮಾನಗಳಲ್ಲ.

ಚೀನಾದ ಲಿಯಾವೊನಿಂಗ್ ಪ್ರಾಂತ್ಯದ ಬತ್ತಿದ ಕೆರೆಯಂಗಳದಲ್ಲಿ ಸಿಕ್ಕ ತಾವರೆ ಬೀಜ ಸುಮಾರು 1,300 ವರ್ಷದ ಮೇಲೆ ಮೊಳೆಯಿತು. ಕೆಡುವ ಪ್ರೋಟೀನನ್ನು ದುರಸ್ತಿ ಮಾಡುವ ಕಿಣ್ವವೊಂದು ಅದರೊಳಗೆ ಇದೆ. ಆದರೂ ನೀರನ್ನು ಒಳಬಿಡದ ಆ ಕರಿ ಕವಚಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಅದು ಎಷ್ಟು ಗಟ್ಟಿಯೆಂದು ನನ್ನ ಬೆರಳಿಗೆ ಗೊತ್ತು: ಒಂದು ಬೀಜವನ್ನು ಉಪ್ಪುಕಾಗದದ ಮೇಲೆ ತಿಕ್ಕಿ ತಿಕ್ಕಿ, ಕೆನೆಬಣ್ಣ ಇಣುಕುವಷ್ಟರಲ್ಲಿ ಉಗುರೂ ಸವೆದಿತ್ತು. ನೀರಿಗೆ ಹಾಕಿದೆ. ಮರುದಿನಕ್ಕೆ ಉಬ್ಬಿತು, ಐದನೆಯ ದಿನ ಸೀಳಿ ಮಡಿಸಿದ ಹಸಿರು ಮೊಳಕೆ ಹೊರಬಂತು. ಆ ಮೊಳಕೆ ಬೀಜದೊಳಗಿರುವಾಗಲೇ ಹಸಿರಾಗಿರುತ್ತದೆ, ಬಿಸಿಲಿಗೆ ಕಾಯುವುದಿಲ್ಲ.

ತಿಕ್ಕದೆ ಬಿಟ್ಟ ಇನ್ನೊಂದು ಬೀಜ ಏಳು ತಿಂಗಳಿಂದ ಅದೇ ಲೋಟದ ತಳದಲ್ಲಿ ಕಲ್ಲಿನಂತೆ ಕೂತಿದೆ. ನಾನು ನೀರು ಬದಲಿಸುತ್ತಲೇ ಇದ್ದೇನೆ.