ಪ್ರತಿಕ್ರಿಯೆ: ಬೂವನಹಳ್ಳಿಗೆ ನೆಲದಡಿ ರೈಲು ನಿಲ್ದಾಣ?

"ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಜೊತೆಗೇ ಟರ್ಮಿನಲ್ ಕೆಳಗೊಂದು ರೈಲು ನಿಲ್ದಾಣ ಯಾಕೆ ಕಟ್ಟಬಾರದು, ಆಮೇಲೆ ರನ್‌ವೇ ಅಗೀಬೇಕಾಗುತ್ತಲ್ಲ" ಅಂತ ಕೇಳಿದ್ದೀರಿ. ರನ್‌ವೇ ಅಗೀಬೇಕಿಲ್ಲ ಸರ್. ಅದರಡಿ ಸುರಂಗ ಕೊರೀಬಹುದು, ಮೇಲೆ ವಿಮಾನ ಇಳೀತಾನೇ ಇರುತ್ತೆ. ಕಷ್ಟ ಇರೋದು ನಿಲ್ದಾಣದ್ದು. ಪ್ಲಾಟ್‌ಫಾರ್ಮ್, ಎಸ್ಕಲೇಟರ್, ಹೊಗೆ ಎಳೆಯೋ ಫ್ಯಾನು, ಎಲ್ಲಕ್ಕೂ ಅಗಲ ಬೇಕು. ಸಾಮಾನ್ಯವಾಗಿ ಮೇಲಿಂದ ಅಗೆದು, ಕಾಂಕ್ರೀಟ್ ಪೆಟ್ಟಿಗೆ ಕಟ್ಟಿ, ಮತ್ತೆ ಮಣ್ಣು ಮುಚ್ಚೋದು. ಟರ್ಮಿನಲ್ ಎದ್ದ ಮೇಲೆ ಆ ದಾರಿ ಇಲ್ಲ, ಅಲ್ಲಿಗೆ ನಿಮ್ಮ ಮಾತು ಸರಿ. ಕಟ್ಟಡಗಳಿರೋ ಕಡೆ ಕೊರೆಯೋದೂ ಸುಲಭ ಅಲ್ಲ: ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್‌ಗಳ ನಡುವೆ ರೈಲಿಗೆ ಅಂತ ಕೊರೀತಿದ್ದ ಸುರಂಗಗಳು 1994ರ ಅಕ್ಟೋಬರಿನಲ್ಲಿ ಕುಸಿದವು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ರೈಲು ಓಡೋ ಹೊತ್ತಿಗೆ 1998 ಆಯ್ತು.

ಆದರೆ ನಮ್ಮೂರಿಗೆ ಇದು ಬೇಕಾ? ದೆಹಲಿಯ ಮೂರನೇ ಟರ್ಮಿನಲ್‌ಗೆ ನೆಲದಡಿ ನಿಲ್ದಾಣ ಇದೆ, ಅಲ್ಲಿ ಅಷ್ಟು ಜನಾನೂ ಇದ್ದಾರೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೇ 2021ರಲ್ಲಿ ಸಿಕ್ಕಿದ್ದು ನೆಲದ ಮೇಲಿನ ಪುಟ್ಟ ಹಾಲ್ಟ್, ಅದೂ ಟರ್ಮಿನಲ್‌ನಿಂದ ದೂರ. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ಹಳಿ ಬರೋಕೇ ನಾವು 2017ರವರೆಗೆ ಕಾದಿದ್ದೀವಿ! ಬೂವನಹಳ್ಳಿಯ ನಕ್ಷೆಯಲ್ಲಿ ಮುಂದೆ ಹಳಿ ಹಾಕೋಕೆ ಜಾಗ ಬಿಡಲಿ. ಸದ್ಯಕ್ಕೆ ಹಾಸನ ಸ್ಟೇಷನ್ನಿಂದ ವಿಮಾನದ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಬಿಟ್ಟರೆ ಸಾಕು.