ಬೋರ್‌ವೆಲ್ ಪಂಪಿಂಗ್ ಟೆಸ್ಟ್ ಎಷ್ಟು ದೂರದ ನೀರನ್ನು ಮುಟ್ಟುತ್ತದೆ?

ನೀವು ಕೇಳಿರೋದು ಎರಡು. ಎರಡು ಇಂಚು ನೀರನ್ನು 24 ಗಂಟೆ ಎತ್ತುತ್ತಾ ಬೋರಿನ ಮಟ್ಟ ಇಳಿಯೋದನ್ನು ಅಳೆದ ಟೆಸ್ಟು ಸುತ್ತ ಎಷ್ಟು ದೂರದ ಕಲ್ಲನ್ನು ನೋಡಿತು? ದೊಡ್ಡ ಮೋಟಾರ್ ಇಳಿಸಿದ್ದರೆ ಇನ್ನೂ ದೂರ ಹೋಗುತ್ತಿತ್ತಾ? ಎರಡನೆಯದಕ್ಕೆ ಮೊದಲು ಹೇಳಿಬಿಡ್ತೀನಿ: ಇಲ್ಲ. ದೂರ ತೀರ್ಮಾನ ಆಗೋದು ಹೊತ್ತಿನ ಮೇಲೆ, ಇಂಚಿನ ಮೇಲಲ್ಲ.

ಅಂತರ್ಜಲ ತಜ್ಞರಾದ ಕೂಪರ್ ಮತ್ತು ಜೇಕಬ್ 1946ರಲ್ಲಿ ಕೊಟ್ಟ ವಿಧಾನದಿಂದ ಬರುವ ಲೆಕ್ಕ ಸುಲಭ. ಟ್ರಾನ್ಸ್‌ಮಿಸಿವಿಟಿ, ಅಂದರೆ ಪದರದಲ್ಲಿ ನೀರು ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನು ದಿನಗಳಿಂದ ಗುಣಿಸಿ. ಸ್ಟೋರೇಟಿವಿಟಿಯಿಂದ, ಅಂದರೆ ಮಟ್ಟ ಇಳಿದಾಗ ಪದರ ಎಷ್ಟು ನೀರು ಬಿಟ್ಟುಕೊಡುತ್ತೆ ಅನ್ನೋ ಅಂಕಿಯಿಂದ ಭಾಗಿಸಿ. ವರ್ಗಮೂಲ ತೆಗೆದು 1.5ರಿಂದ ಗುಣಿಸಿ. ನಿಮ್ಮ ವರದಿಯ ಅಂಕಿ ದಿನಕ್ಕೆ 2 ಚದರ ಮೀಟರ್ ಮತ್ತು 0.0002. ಒಂದು ದಿನಕ್ಕೆ 150 ಮೀಟರ್ ಬರುತ್ತೆ. ವರ್ಗಮೂಲ ಇರೋದರಿಂದ 300 ಮೀಟರ್ ಬೇಕಂದರೆ ನಾಲ್ಕು ದಿನ ಓಡಿಸಬೇಕು.

ಹಾಗಂತ 150 ಮೀಟರಿಗೆ ಗೆರೆ ಕೊರೆದ ಹಾಗೆ ಎಲ್ಲ ನಿಲ್ಲಲ್ಲ. ಈ ಸುಲಭ ಲೆಕ್ಕಕ್ಕೆ ಮೂಲವಾದ ಥೈಸ್ ಅವರ ಪೂರ್ತಿ ಸೂತ್ರಕ್ಕೆ ಹಾಕಿದರೆ ಒಂದು ದಿನದ ಕೊನೆಗೆ ಅಲ್ಲಿ ಇನ್ನೂ ಒಂದು ಮೀಟರಿಗಿಂತ ಹೆಚ್ಚು ಇಳಿತ ಇರುತ್ತೆ, 300 ಮೀಟರಲ್ಲಿ ಸುಮಾರು 10 ಸೆಂಟಿಮೀಟರ್. ದೊಡ್ಡ ಮೋಟಾರ್ ಈ ಇಳಿತವನ್ನು ಹೆಚ್ಚಿಸುತ್ತೆ, ಟೇಪಿಗೆ ಸಿಗೋ ಹಾಗೆ ಮಾಡುತ್ತೆ. ಅದರ ಕೆಲಸ ಅಷ್ಟಕ್ಕೇ ಮುಗೀತು. ತೈಲಬಾವಿಯವರು 1.5ರ ಜಾಗದಲ್ಲಿ 2 ಹಾಕೋದೂ ಇದಕ್ಕೇ: ಅಂಚು ಎಲ್ಲಿ ಅನ್ನೋದು ನಾವು ಮಾಡಿಕೊಂಡ ಒಪ್ಪಂದ.

ನನಗೆ ಅನುಮಾನ ಇರೋದು ಆ 0.0002 ಮೇಲೆ. ಪಕ್ಕದ ಇನ್ನೊಂದು ಬೋರಿನಲ್ಲಿ ಮಟ್ಟ ಅಳೆಯದೆ ಆ ಅಂಕಿ ನಂಬಿಕೆಗೆ ಬರೋ ಹಾಗೆ ಸಿಗಲ್ಲ, ಎಷ್ಟೋ ವರದಿಗಳಲ್ಲಿ ಅಂದಾಜಿಗೆ ಬರೆದಿರ್ತಾರೆ. ಅದು ನಿಜಕ್ಕೂ 0.02 ಆಗಿದ್ದರೆ ನಿಮ್ಮ 150 ಮೀಟರ್ ಬರೀ 15 ಆಗುತ್ತೆ! ಮೊದಲ ಕಾಲು ಗಂಟೆಯ ಅಳತೆಯನ್ನೂ ಬಿಟ್ಟುಬಿಡಿ. ಆರೂವರೆ ಇಂಚಿನ ಬೋರಿನಲ್ಲಿ ಮೀಟರಿಗೆ 21 ಲೀಟರ್ ನೀರು ನಿಂತಿರುತ್ತೆ, ಮಟ್ಟ 40 ಮೀಟರ್ ಇಳಿಯೋ ಹೊತ್ತಿಗೆ ಎತ್ತಿದ್ದರಲ್ಲಿ 850 ಲೀಟರ್ ಬೋರಿನದೇ.

ಕೋಲಾರದ ಕಡೆ ಒಂದು ಟೆಸ್ಟಿನಲ್ಲಿ, ಹೆಚ್ಚುಕಡಿಮೆ ಇವೇ ಅಂಕಿ, ಹೊತ್ತು ಮತ್ತು ಮಟ್ಟವನ್ನು ಲಾಗ್ ಕಾಗದದ ಮೇಲೆ ಗುರುತಿಸಿದಾಗ ಆರು ಗಂಟೆವರೆಗೂ ನೇರ ಇದ್ದ ಗೆರೆ ಆಮೇಲೆ ಕೆಳಕ್ಕೆ ಬಗ್ಗಿತು. ಪಂಪ್ ನೋಡಿಕೊಳ್ಳುತ್ತಿದ್ದ ಹುಡುಗ ವೋಲ್ಟೇಜ್ ಅಂದ. ಬೆಳಗ್ಗೆ ಹೊಲ ಸುತ್ತಿದರೆ ನಲವತ್ತು ಮೀಟರ್ ಆಚೆ ಕರಿಕಲ್ಲಿನ ಸಾಲು, ಡೈಕು, ಅಂದರೆ ಬಂಡೆಯೊಳಗೆ ಗೋಡೆ ಹಾಗೆ ನಿಂತು ನೀರು ತಡೆಯೋ ಕಲ್ಲು. ಗೋಡೆಯ ಸುದ್ದಿ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ 150ರ ಅರ್ಧ ಲೆಕ್ಕ ಹಿಡೀಬೇಕು. ನಿಮ್ಮ ಗೆರೆ 24 ಗಂಟೆವರೆಗೂ ನೇರ ಇದ್ದು, ಆ 0.0002 ಸರಿ ಇದ್ದರೆ, 75 ಮೀಟರ್ ಒಳಗೆ ಅಂಥ ತಡೆ ಇಲ್ಲ ಅನ್ನಬಹುದು. ಅದರಾಚೆಗೆ ಈ ಟೆಸ್ಟು ಗ್ಯಾರಂಟಿ ಕೊಡಲ್ಲ.