ಬೈಕ್ ಸವಾರನ ಜೀವಕ್ಕೆ 'ಕೋರ್ಟು ಏಳುವವರೆಗೆ' ಶಿಕ್ಷೆ: ಕಾನೂನಿನಲ್ಲಿ ಮುಂದಿನ ದಾರಿ ಏನು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೂರು ಪತ್ರ ಬೈಕ್ ಸವಾರರನ್ನು ಕಳೆದುಕೊಂಡ ಮನೆಗಳಿಂದ ಬಂದಿವೆ. ಒಂದು ಲಾರಿ ಚಾಲಕರದ್ದು. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಅವರ ಕೈಯಲ್ಲಿ ಉಳಿದಿರುವ ದಿನಗಳು ಕಡಿಮೆ.

"ನನ್ನ ತಮ್ಮನಿಗೆ 26 ವರ್ಷ. 2021ರಲ್ಲಿ ಕೆಲಸ ಮುಗಿಸಿ ಬೈಕ್‌ನಲ್ಲಿ ಮನೆಗೆ ಬರುತ್ತಿದ್ದ. ಎದುರಿನ ಕಾರು ಬಸ್ಸನ್ನು ಓವರ್‌ಟೇಕ್ ಮಾಡಲು ಹೋಗಿ ಅವನಿಗೆ ಗುದ್ದಿತು. ಅಲ್ಲೇ ಪ್ರಾಣ ಹೋಯಿತು. ಕೆಳಗಿನ ಕೋರ್ಟು ಚಾಲಕನಿಗೆ ಒಂದು ವರ್ಷ ಜೈಲು ವಿಧಿಸಿತ್ತು. ಕಳೆದ ತಿಂಗಳು ಸೆಷನ್ಸ್ ಕೋರ್ಟಿನಲ್ಲಿ ಅದನ್ನು 'ಕೋರ್ಟು ಏಳುವವರೆಗೆ' ಎಂದು ಇಳಿಸಿ 25,000 ರೂಪಾಯಿ ದಂಡ ಹಾಕಿದರು. ಆತ ಸಂಜೆವರೆಗೆ ಬೆಂಚಿನ ಮೇಲೆ ಕೂತಿದ್ದು ಮನೆಗೆ ಹೋದ. ಅಮ್ಮ ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಒಂದು ಜೀವಕ್ಕೆ ಇಷ್ಟೇನಾ?" - ಓದುಗರು, ತುಮಕೂರು ಜಿಲ್ಲೆ

ಮೊದಲು ಕ್ಯಾಲೆಂಡರ್ ನೋಡಿ, ಉಳಿದ ಮಾತು ಆಮೇಲೆ. ಸೆಷನ್ಸ್ ಕೋರ್ಟಿನ ಆದೇಶ ಬಂದ ದಿನದಿಂದ 90 ದಿನದೊಳಗೆ ನೀವು ಹೈಕೋರ್ಟಿಗೆ ಕ್ರಿಮಿನಲ್ ರಿವಿಷನ್ ಅರ್ಜಿ, ಅಂದರೆ ಕೆಳಗಿನ ಕೋರ್ಟಿನ ಆದೇಶ ಸರಿಯಿದೆಯೇ ಎಂದು ಪರಿಶೀಲಿಸಿ ಎಂಬ ಅರ್ಜಿ, ಹಾಕಬಹುದು. ದೃಢೀಕೃತ ಪ್ರತಿ ಸಿಗಲು ಹಿಡಿದ ದಿನಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೂ ನಾಳೆಯೇ ಹೋಗಿ ಪ್ರತಿಗೆ ಅರ್ಜಿ ಕೊಡಿ.

'ಅಪೀಲು' ಅನ್ನದೆ 'ರಿವಿಷನ್' ಅಂದದ್ದಕ್ಕೆ ಕಾರಣ ಇದೆ. ಆರೋಪಿ ಪೂರ್ತಿ ಬಿಡುಗಡೆಯಾದರೆ, ಅಥವಾ ಚಿಕ್ಕ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಅಥವಾ ಪರಿಹಾರ ಸಾಲದಿದ್ದರೆ ಸಂತ್ರಸ್ತರ ಮನೆಯವರು ಅಪೀಲು ಹೋಗಬಹುದು. 'ಶಿಕ್ಷೆ ಕಡಿಮೆಯಾಯಿತು' ಎಂಬ ಒಂದೇ ಕಾರಣಕ್ಕೆ ಅಪೀಲು ಹೋಗುವ ಹಕ್ಕು ಅವರಿಗಿಲ್ಲ. ಸುಪ್ರೀಂ ಕೋರ್ಟು 2020ರಲ್ಲಿ ಪರ್ವಿಂದರ್ ಕನ್ಸಲ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಶಿಕ್ಷೆ ಹೆಚ್ಚಿಸಿ ಎಂದು ಅಪೀಲು ಹೋಗುವುದು ಸರ್ಕಾರದ ಕೆಲಸ. ತಮ್ಮನನ್ನು ಕಳೆದುಕೊಂಡವರು ನೀವು, ಆದರೆ ಅಪೀಲು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇನ್ಯಾರೋ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ಅಪೀಲಿನ ಬಾಗಿಲು ಮುಚ್ಚಿದ ಕಡೆ ರಿವಿಷನ್ ಬಾಗಿಲು ತೆರೆದಿದೆ. ಚಾಲಕನ ಮಾತನ್ನೂ ಕೇಳಿ ಶಿಕ್ಷೆ ಹೆಚ್ಚಿಸುವ ಅಧಿಕಾರ ಹೈಕೋರ್ಟಿಗೆ ಇದೆ. ಜೊತೆಗೆ ಸರ್ಕಾರಿ ವಕೀಲರ ಕಚೇರಿಗೂ 'ಶಿಕ್ಷೆ ಹೆಚ್ಚಿಸಲು ಸರ್ಕಾರ ಹೈಕೋರ್ಟಿಗೆ ಹೋಗಲಿ' ಎಂದು ಲಿಖಿತ ಮನವಿ ಕೊಡಿ. ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಇಷ್ಟೇನಾ?

ನಿಮ್ಮ ತಮ್ಮನ ಕೇಸು ನಡೆದದ್ದು ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನ ಅಡಿ, ಅಂದರೆ ನಿರ್ಲಕ್ಷ್ಯದಿಂದ ಸಾಯಿಸಿದ ಅಪರಾಧ. ಆ ಕಲಮು ಸೇರಿದ್ದು 1870ರಲ್ಲಿ. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅಂದರೆ ಕಾರು ಹುಟ್ಟುವ ಮೊದಲೇ ಬರೆದ ಕಾನೂನಿನಿಂದ ನಾವು 2024ರವರೆಗೂ ರಸ್ತೆ ಸಾವುಗಳನ್ನು ಅಳೆಯುತ್ತಿದ್ದೆವು. ಅದರಲ್ಲಿ ಗರಿಷ್ಠ ಶಿಕ್ಷೆ ಎರಡು ವರ್ಷ. ಬರೀ ದಂಡ ಹಾಕಿ ಬಿಡಲಿಕ್ಕೂ ಅವಕಾಶ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಗರಿಷ್ಠ ಐದು ವರ್ಷ. ಅಲ್ಲಿ ಬರೀ ದಂಡ ಸಾಲದು, ಜೈಲು ಕೊಡಲೇಬೇಕು. ಆದರೆ ಕನಿಷ್ಠ ಎಷ್ಟು ಎಂದು ಬರೆದಿಲ್ಲ. ಹಾಗಾಗಿ 'ಕೋರ್ಟು ಏಳುವವರೆಗೆ' ಎಂಬ ಶಿಕ್ಷೆಗೆ ಹೊಸ ಕಾನೂನಿನಲ್ಲೂ ಜಾಗ ಉಳಿದಿದೆ. ಮೇಲಾಗಿ, ಅಪಘಾತ ನಡೆದ ದಿನ ಇದ್ದ ಶಿಕ್ಷೆಗಿಂತ ಹೆಚ್ಚು ಕೊಡುವಂತಿಲ್ಲ, ಅದು ಸಂವಿಧಾನದ ಮಾತು. ನಿಮ್ಮದು 2021ರ ಕೇಸು. ಹೈಕೋರ್ಟಿನಲ್ಲೂ ಎರಡು ವರ್ಷವೇ ಮೇಲಿನ ಮಿತಿ.

ಇರುವ ಎರಡು ವರ್ಷವನ್ನಾದರೂ ಯಾಕೆ ಕೊಡುವುದಿಲ್ಲ? ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುವ ಕಾರಣ ಇವೇ: ಮೊದಲ ಅಪರಾಧ, ಮನೆಗೆ ದುಡಿಯುವವನು ಇವನೊಬ್ಬನೇ, ಉದ್ದೇಶ ಇರಲಿಲ್ಲ, ಕೇಸು ನಡೆದು ಎಷ್ಟೋ ವರ್ಷ ಆಯಿತು. ಕೊನೆಯ ಕಾರಣ ನನಗೆ ತುಂಬಾ ಸಂಕಟ ಕೊಡುತ್ತದೆ. ಕೇಸು ಎಳೆದಷ್ಟೂ ಚಾಲಕನಿಗೆ ಅನುಕೂಲ, ಸತ್ತವನ ಮನೆಗೆ ಎರಡನೇ ಪೆಟ್ಟು. ಸುಪ್ರೀಂ ಕೋರ್ಟೇ ಈ ಮೃದು ಧೋರಣೆಯನ್ನು ಒಪ್ಪಿಲ್ಲ. 2000ದ ದಲ್ಬೀರ್ ಸಿಂಗ್ ತೀರ್ಪಿನಲ್ಲಿ, ಇಂಥ ಕೇಸುಗಳಲ್ಲಿ ಸನ್ನಡತೆಯ ಹೆಸರಿನಲ್ಲಿ ಚಾಲಕರನ್ನು ಜೈಲಿಲ್ಲದೆ ಬಿಡುವುದು ಸರಿಯಲ್ಲ ಎಂದಿತು. 2015ರ ಸೌರಭ್ ಬಕ್ಷಿ ತೀರ್ಪು ನಿಮಗೆ ಇನ್ನೂ ಹತ್ತಿರ. ಪಂಜಾಬಿನಲ್ಲಿ ಇಬ್ಬರು ಸತ್ತಿದ್ದರು. ಕೆಳಗಿನ ಕೋರ್ಟು ಒಂದು ವರ್ಷ ಕೊಟ್ಟಿತ್ತು. 85,000 ರೂಪಾಯಿ ಪರಿಹಾರ ಕೊಟ್ಟದ್ದನ್ನು ನೋಡಿ ಹೈಕೋರ್ಟು ಅದನ್ನು ಆಗಲೇ ಕಳೆದಿದ್ದ 24 ದಿನಕ್ಕೆ ಇಳಿಸಿತು. ಸುಪ್ರೀಂ ಕೋರ್ಟು ಒಪ್ಪದೆ ಆರು ತಿಂಗಳಿಗೆ ಏರಿಸಿತು. 304ಎ ಶಿಕ್ಷೆಯ ಪ್ರಮಾಣವನ್ನೇ ಮತ್ತೆ ಯೋಚಿಸಿ ಎಂದು ಶಾಸನ ಮಾಡುವವರಿಗೂ ಹೇಳಿತು. ಈ ಎರಡು ತೀರ್ಪುಗಳ ಪ್ರತಿ ನಿಮ್ಮ ವಕೀಲರ ಕೈಯಲ್ಲಿ ಇರಲಿ.

ಇನ್ನೊಂದು ಮಾತು. ಲೈಸೆನ್ಸ್. ಮೋಟಾರು ವಾಹನ ಕಾಯ್ದೆಯ 20ನೇ ಕಲಮಿನ ಪ್ರಕಾರ, ಶಿಕ್ಷೆ ಕೊಡುವ ಕೋರ್ಟು ಚಾಲಕನಿಗೆ ಇಷ್ಟು ಕಾಲ ಗಾಡಿ ಓಡಿಸುವಂತಿಲ್ಲ ಎಂದೂ ಆದೇಶಿಸಬಹುದು. ಜೈಲಿನ ಬಗ್ಗೆ ಅಷ್ಟು ವಾದ ಮಾಡುವ ನಾವು ಇದನ್ನು ಕೇಳುವುದನ್ನೇ ಮರೆಯುತ್ತೇವೆ. ನನ್ನ ಮಟ್ಟಿಗೆ, ಒಬ್ಬನ ಜೀವ ತೆಗೆದವನು ಮರುದಿನ ಅದೇ ಸ್ಟೇರಿಂಗ್ ಹಿಂದೆ ಕೂರುವುದು ಕಡಿಮೆ ಜೈಲಿಗಿಂತ ದೊಡ್ಡ ಅನ್ಯಾಯ. ಸರ್ಕಾರಕ್ಕೆ ಕೊಡುವ ಮನವಿಯಲ್ಲಿ, ರಿವಿಷನ್ ಅರ್ಜಿಯಲ್ಲಿ, ಎರಡರಲ್ಲೂ ಇದನ್ನು ಕೇಳಿ.

"ಅಣ್ಣ ಹೋಗಿ ಮೂರು ವಾರ ಆಯಿತು. ಅವನಿಗೆ ಗುದ್ದಿದ ಕಾರಿನ ಚಾಲಕ ಠಾಣೆಯಲ್ಲೇ ಜಾಮೀನು ಪಡೆದ. ಅವನ ಕಡೆಯವರು ಎಂಟು ಲಕ್ಷ ಕೊಡುತ್ತೇವೆ, ರಾಜಿ ಮಾಡಿಕೊಳ್ಳಿ ಎನ್ನುತ್ತಿದ್ದಾರೆ. ಅತ್ತಿಗೆಗೆ ಎರಡು ಮಕ್ಕಳು. ಏನು ಮಾಡಲಿ?" - ಓದುಗರು, ದಾವಣಗೆರೆ

ಜಾಮೀನು ಸಿಕ್ಕಿದ್ದಕ್ಕೆ ಗಾಬರಿಯಾಗಬೇಡಿ. 106(1) ಜಾಮೀನು ಸಿಗುವ ಅಪರಾಧ. ಅದರಿಂದ ಕೇಸು ಬಿದ್ದುಹೋಗುವುದಿಲ್ಲ.

ರಾಜಿ ವಿಷಯ. ಈ ಅಪರಾಧ ಕಾನೂನಿನ ರಾಜಿ ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಎಂಟು ಲಕ್ಷ ಯಾತಕ್ಕೆ? ಬಹಳ ಸಲ ಸಾಕ್ಷಿಗಳು ಕಟಕಟೆಯಲ್ಲಿ ನಿಂತು 'ನಾನು ನೋಡಿಲ್ಲ, ಯಾರು ಓಡಿಸುತ್ತಿದ್ದರೋ ಗೊತ್ತಿಲ್ಲ' ಎನ್ನಲಿ ಅಂತ. ಅದು ಸುಳ್ಳು ಸಾಕ್ಷಿ. ಅದರ ಏಟು ನಿಮ್ಮ ಅತ್ತಿಗೆಗೂ ಬೀಳುತ್ತದೆ. ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಇದೇ ಹೇಳಿಕೆಯನ್ನು ಎತ್ತಿ ತೋರಿಸುತ್ತಾರೆ.

ಪರಿಹಾರ ಕೇಳುವುದು ನಿಮ್ಮ ಅತ್ತಿಗೆಯ ಹಕ್ಕು. ಅದಕ್ಕೂ ಚಾಲಕನ ಕ್ರಿಮಿನಲ್ ಕೇಸಿಗೂ ಕೊಡುಕೊಳ್ಳುವಿಕೆ ಇರಬೇಕಿಲ್ಲ. ಅಣ್ಣನ ವಯಸ್ಸು, ಆದಾಯ, ನಂಬಿದವರ ಸಂಖ್ಯೆ ನೋಡಿ ನ್ಯಾಯಮಂಡಳಿ ಲೆಕ್ಕ ಹಾಕುತ್ತದೆ. ದುಡಿಯುವ ವಯಸ್ಸಿನವರಾಗಿದ್ದರೆ ಆ ಮೊತ್ತ ಎಂಟು ಲಕ್ಷಕ್ಕಿಂತ ಎಷ್ಟೋ ಹೆಚ್ಚಾಗಬಹುದು. ಕಾಯ್ದೆ ಹೇಳುವ ಅವಧಿ ಅಪಘಾತದಿಂದ ಆರು ತಿಂಗಳು. ಅದರೊಳಗೆ ಅರ್ಜಿ ಹಾಕಿಬಿಡಿ.

ನಿಮಗೆ ಇನ್ನೂ ಸಮಯ ಇದೆ, ಅದಕ್ಕೇ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ನಮ್ಮ ಎಫ್‌ಐಆರ್‌ಗಳಲ್ಲಿ ಒಂದು ಸಾಲು ಅಚ್ಚು ಹಾಕಿದಂತೆ ಇರುತ್ತದೆ: 'ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು'. ಸಾಕ್ಷಿಯೂ ಅದನ್ನೇ ಹೇಳಿ ಇಳಿಯುತ್ತಾನೆ. ಆದರೆ 1998ರಲ್ಲಿ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕದ್ದೇ ಕೇಸಿನಲ್ಲಿ, ಅಂದರೆ ಕರ್ನಾಟಕ ಸರ್ಕಾರ ಮತ್ತು ಸತೀಶ್ ಪ್ರಕರಣದಲ್ಲಿ, ಬರೀ 'ಜೋರಾಗಿ ಓಡಿಸುತ್ತಿದ್ದ' ಎಂದರೆ ಸಾಲದು ಎಂದಿತು. ಎಷ್ಟು ಜೋರು, ಎಂಥ ರಸ್ತೆ, ಅಲ್ಲಿ ಏನು ತಪ್ಪು ಮಾಡಿದ ಎಂಬುದು ಸಾಕ್ಷ್ಯದಲ್ಲಿ ಬರಬೇಕು. ಆ ಪ್ರಕರಣದಲ್ಲಿ 1982ರಲ್ಲಿ ಲಾರಿ ಮಗುಚಿ 15 ಜನ ಸತ್ತಿದ್ದರು. ಚಾಲಕನ ಬಿಡುಗಡೆಯೇ ಉಳಿಯಿತು. ಇಂದಿಗೂ ಚಾಲಕರ ಪರ ವಕೀಲರು ಮೊದಲು ತೆಗೆಯುವ ತೀರ್ಪು ಇದೇ.

ಹಾಗಾಗಿ ಶಿಕ್ಷೆಯ ಗಾತ್ರ ಮುಕ್ಕಾಲು ಪಾಲು ನಿರ್ಧಾರವಾಗುವುದು ತೀರ್ಪಿನ ದಿನ ಅಲ್ಲ. ಮೊದಲ ಒಂದು ತಿಂಗಳಲ್ಲಿ ಕಡತದೊಳಗೆ ಏನು ಸೇರಿತು ಎಂಬುದರಲ್ಲಿ. ಡಿವೈಡರ್ ಇತ್ತೇ, ಕಾರು ಎಡ ಬಿಟ್ಟು ಎಷ್ಟು ಅಡಿ ಬಲಕ್ಕೆ ಬಂದಿತ್ತು, ಬ್ರೇಕಿನ ಗುರುತು ಎಲ್ಲಿಂದ ಎಲ್ಲಿವರೆಗೆ, ಬೈಕ್ ಎಲ್ಲಿ ಬಿದ್ದಿತ್ತು. ಇವೆಲ್ಲ ಸ್ಥಳ ಮಹಜರು ಮತ್ತು ನಕ್ಷೆಯಲ್ಲಿ ಇರಬೇಕು. ಇಂದೇ ಆ ಜಾಗಕ್ಕೆ ಹೋಗಿ. ಅಕ್ಕಪಕ್ಕದ ಅಂಗಡಿ, ಪೆಟ್ರೋಲ್ ಬಂಕ್, ಟೋಲ್ ಎಲ್ಲೆಲ್ಲಿ ಕ್ಯಾಮೆರಾ ಇದೆ ಎಂದು ಬರೆದುಕೊಳ್ಳಿ. ಆ ದೃಶ್ಯ ವಶಪಡಿಸಿಕೊಳ್ಳಿ ಎಂದು ತನಿಖಾಧಿಕಾರಿಗೆ ಲಿಖಿತವಾಗಿ ಕೊಡಿ. ಹೆಚ್ಚಿನ ಕಡೆ ಕೆಲವೇ ವಾರಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂತುಬಿಡುತ್ತದೆ. ಮೂರು ವಾರ ಆಗಲೇ ಹೋಗಿದೆ, ಹಾಗಾಗಿ ಒಂದು ದಿನವೂ ಕಾಯಬೇಡಿ.

ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ನಿಮಗೆ ತಿಳಿಸಬೇಕು. ಇದು ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನಲ್ಲೇ ಇದೆ. ಕೋರ್ಟಿನಲ್ಲಿ ಸರ್ಕಾರಿ ವಕೀಲರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಡಲು ಅನುಮತಿ ಕೇಳಬಹುದು. ಒಬ್ಬ ಸರ್ಕಾರಿ ವಕೀಲರ ಮೇಜಿನ ಮೇಲೆ ದಿನಕ್ಕೆ ಎಷ್ಟು ಕಡತ ಇರುತ್ತವೆ ಎಂದು ನೋಡಿದವನು ನಾನು. ನಿಮ್ಮ ಅಣ್ಣನ ಕಡತ ಓದಿಕೊಂಡು ಬಂದವರೊಬ್ಬರು ಅಲ್ಲಿ ಇರಲಿ.

"ಅಪ್ಪ ಹೆಲ್ಮೆಟ್ ಹಾಕಿರಲಿಲ್ಲ. 'ಅವರದ್ದೂ ತಪ್ಪಿದೆಯಲ್ಲ' ಎಂದು ಎಲ್ಲರೂ ಹೇಳುತ್ತಿದ್ದಾರೆ. ಚಾಲಕ ಕುಡಿದಿದ್ದ. ಕುಡಿದು ಓಡಿಸಿ ಸಾಯಿಸಿದ್ದು ಕೊಲೆ ಅಲ್ವಾ?" - ಓದುಗರು, ಹುಬ್ಬಳ್ಳಿ

ಹೆಲ್ಮೆಟ್ ಹಾಕದಿದ್ದದ್ದು ಚಾಲಕನ ಅಪರಾಧವನ್ನು ಅಳಿಸುವುದಿಲ್ಲ. ಕ್ರಿಮಿನಲ್ ಕೇಸಿನಲ್ಲಿ 'ಸತ್ತವನದ್ದೂ ಸ್ವಲ್ಪ ತಪ್ಪು' ಎಂಬುದು ತಪ್ಪಿಸಿಕೊಳ್ಳುವ ದಾರಿ ಅಲ್ಲ. ಪರಿಹಾರದ ಕೇಸಿನಲ್ಲಿ ವಿಮಾ ಕಂಪನಿ ಅದನ್ನು ಖಂಡಿತ ಎತ್ತುತ್ತದೆ. ಆಗ 2020ರ ಮೊಹಮ್ಮದ್ ಸಿದ್ದಿಕ್ ತೀರ್ಪು ಕೆಲಸಕ್ಕೆ ಬರಬಹುದು. ಅಲ್ಲಿ ಬೈಕ್ ಮೇಲೆ ಮೂವರು ಇದ್ದರು. ಆ ನಿಯಮ ಮುರಿದದ್ದರಿಂದಲೇ ಅಪಘಾತವಾಯಿತು, ಇಲ್ಲವೇ ಪೆಟ್ಟು ಹೆಚ್ಚಾಯಿತು ಎಂದು ತೋರಿಸದೆ ಸುಮ್ನೆ ಪರಿಹಾರ ಕತ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ತಲೆಗೆ ಪೆಟ್ಟಾಗಿದ್ದರೆ ವಾದ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡಲಾರೆ.

ಕುಡಿದ ವಿಷಯ. ಕೊಲೆ ಎನ್ನಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ನಿರ್ಲಕ್ಷ್ಯ ಮತ್ತು ಕೊಲೆ ಇವೆರಡರ ನಡುವೆ ಇನ್ನೊಂದು ಮೆಟ್ಟಿಲು ಇದೆ. 'ಹೀಗೆ ಮಾಡಿದರೆ ಯಾರಾದರೂ ಸಾಯಬಹುದು' ಎಂದು ಗೊತ್ತಿದ್ದೂ ಮಾಡಿದ್ದು. ಹಳೆಯ ಕಾನೂನಿನಲ್ಲಿ 304ರ ಎರಡನೇ ಭಾಗ, ಈಗ 105ನೇ ಕಲಮು. ಅದರಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಇದೆ. 2006ರಲ್ಲಿ ಮುಂಬೈನ ಬಾಂದ್ರಾದಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಕಾರ್ಮಿಕರ ಮೇಲೆ ಕಾರು ಹರಿದು ಏಳು ಜನ ಸತ್ತರು. ಕೆಳಗಿನ ಕೋರ್ಟು ಕೊಟ್ಟದ್ದು ಆರು ತಿಂಗಳು. ಹೈಕೋರ್ಟು ಈ ಮೆಟ್ಟಿಲಿಗೆ ಏರಿಸಿ ಮೂರು ವರ್ಷ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷವೂ ಕಡಿಮೆಯೇ. ಆದರೂ ದಾರಿ ಅಲ್ಲಿ ತೆರೆಯಿತು.

ಆ ದಾರಿಯಲ್ಲಿ ಹೋಗಲು ರಕ್ತ ಪರೀಕ್ಷೆಯ ವರದಿ ಬೇಕು. ಚಾರ್ಜ್‌ಶೀಟ್ ನೋಡಿ. ವರದಿ ಇದ್ದೂ ಬರೀ 106 ಹಾಕಿದ್ದರೆ, ಆರೋಪ ಬದಲಿಸಲು ಕೋರ್ಟನ್ನು ಕೇಳಬಹುದು. ತೀರ್ಪಿನ ಹಿಂದಿನ ದಿನದವರೆಗೂ ಕೋರ್ಟಿಗೆ ಆ ಅಧಿಕಾರ ಇದೆ.

"ನಾನು 19 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಬೈಕ್‌ಗೆ ತಾಗಿದರೆ ಹತ್ತು ವರ್ಷ ಜೈಲು ಅಂತಾರೆ. ನಿಂತರೆ ಜನ ಹೊಡೆಯುತ್ತಾರೆ, ಓಡಿದರೆ ಜೈಲು. ನಮ್ಮಂಥವರು ಏನು ಮಾಡಬೇಕು?" - ಓದುಗರು, ಚಿತ್ರದುರ್ಗ ಜಿಲ್ಲೆ

ನಿಮ್ಮ ಪತ್ರ ಬಂದದ್ದು ಒಳ್ಳೆಯದಾಯಿತು. ನೀವು ಹೇಳುವ ಹತ್ತು ವರ್ಷ 106(2)ರಲ್ಲಿ ಇದೆ. ನಿರ್ಲಕ್ಷ್ಯದಿಂದ ಸಾಯಿಸಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟ್‌ಗಾಗಲಿ ತಿಳಿಸದೆ ಪರಾರಿಯಾದವರಿಗೆ ಮಾತ್ರ ಅದು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ ಮೇಲೆ ಕೇಂದ್ರ ಸರ್ಕಾರ ಆ ಉಪಕಲಮನ್ನು ಜಾರಿ ಮಾಡದೆ ತಡೆಹಿಡಿಯಿತು. ಅದೇ ವರ್ಷ ಜುಲೈ 1ರಂದು ಉಳಿದದ್ದೆಲ್ಲ ಜಾರಿಯಾದಾಗಲೂ ಅದನ್ನು ಹೊರಗಿಟ್ಟರು.

ಹಾಗಂತ ಓಡಿಹೋಗಬಹುದು ಎಂದಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕರ್ತವ್ಯ. ಜನ ರೊಚ್ಚಿಗೆದ್ದು ಅದು ಆಗದಿದ್ದರೆ ಕಾಯ್ದೆಯೂ ಅದನ್ನು ಒಪ್ಪುತ್ತದೆ. ಆಗ ಹತ್ತಿರದ ಠಾಣೆಗೆ ಹೋಗಿ ಹೇಳಬೇಕು, ತಡ ಎಂದರೆ 24 ಗಂಟೆಯೊಳಗೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿ ಇದ್ದವರು. ಕೂಡಲೇ ಆಸ್ಪತ್ರೆ ಸೇರಿದ್ದರೆ ಉಳಿಯುತ್ತಿದ್ದವರೂ ಅವರಲ್ಲಿ ಇರುತ್ತಾರೆ. ಸ್ವಲ್ಪ ದೂರ ಹೋಗಿ ನಿಲ್ಲಿಸಿ. ಮೊದಲು 108ಕ್ಕೆ, ಆಮೇಲೆ 112ಕ್ಕೆ ಫೋನ್ ಮಾಡಿ. ಗಾಡಿ ನಂಬರ್, ಜಾಗ, ನಿಮ್ಮ ಹೆಸರು ಹೇಳಿ. ಆ ಕರೆಯ ದಾಖಲೆ ಉಳಿಯುತ್ತದೆ. ನೀವು ತಪ್ಪಿಸಿಕೊಂಡವರಲ್ಲ ಎನ್ನಲು ಕೋರ್ಟಿನಲ್ಲಿ ನಿಮ್ಮ ವಕೀಲರು ಮೊದಲು ಕೇಳುವುದು ಅದನ್ನೇ.